ಮೂರು ಜೊತೆ ಡಿಸ್ಕು

ಹೊಸ ಡಿಸ್ಕ್ ಹಾಕಿ ಚಕ್ರ ಬಿಗಿದ ಮೇಲೆ, ಗಾಡಿಯನ್ನು ಒಂದು ಗೇಣು ಕದಲಿಸುವ ಮೊದಲು ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ನಮ್ಮ ಮೊದಲ ಮ್ಯಾನೇಜರರ ಸ್ಕೂಟರಿಗೆ ಕಾರು ಗುದ್ದಿಸಿ ಕಲಿತೆ.

ನಾನು ಕೆಲಸಕ್ಕೆ ಕೈ ಹಚ್ಚಿದ್ದು ಮಾನ್ವಿಯಲ್ಲಿ, ಚಾಂದಪಾಷಾ ಉಸ್ತಾದರ ಶೆಡ್ಡಿನಲ್ಲಿ. ಅಲ್ಲಿಗೆ ಬರುತ್ತಿದ್ದವು ಅಕ್ಕಿ ಗಿರಣಿಯ ಲಾರಿಗಳು, ಹಳೆಯ ಜೀಪುಗಳು. ಎಲ್ಲವೂ ಡ್ರಮ್ ಬ್ರೇಕಿನವು. ಉಸ್ತಾದರು ಅಳತೆಯ ಸಾಮಾನು ಮುಟ್ಟಿದವರಲ್ಲ. ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದರು, ‘ಅರ್ಧ ಸುತ್ತು ಬಿಗಿ’ ಎನ್ನುತ್ತಿದ್ದರು, ಅಷ್ಟೇ. ಮುಂದೆ ರಾಯಚೂರಿನ ಒಂದು ಕಾರ್ ಸರ್ವಿಸ್ ಸೆಂಟರಿಗೆ ಸೇರಿದಾಗ ಮುಂದಿನ ಚಕ್ರದಲ್ಲಿ ಡ್ರಮ್ಮಿನ ಬದಲು ಹೊಳೆಯುವ ಒಂದು ಕಬ್ಬಿಣದ ತಟ್ಟೆ ಕಂಡಿತು. ಕಂಪನಿಯ ಪುಸ್ತಕದಲ್ಲಿ ಅದಕ್ಕೆ ರೋಟರ್ ಎಂದಿತ್ತು. ನಾವು ಡಿಸ್ಕ್ ಎಂದೆವು. ಚಕ್ರದ ಜೊತೆ ಆ ತಟ್ಟೆ ತಿರುಗುತ್ತದೆ. ಪೆಡಲ್ ಒತ್ತಿದರೆ ಎರಡು ಕಡೆಯಿಂದ ಎರಡು ಪ್ಯಾಡುಗಳು ಅದನ್ನು ಇಕ್ಕಳದಂತೆ ಹಿಡಿದು ನಿಲ್ಲಿಸುತ್ತವೆ. ಆ ಇಕ್ಕಳಕ್ಕೆ ಕ್ಯಾಲಿಪರ್ ಎಂದು ಹೆಸರು. ಉಜ್ಜಿ ಉಜ್ಜಿ ತಟ್ಟೆ ತೆಳ್ಳಗಾದರೆ ಬದಲಾಯಿಸಬೇಕು. ಕೆಲಸ ಇಷ್ಟೇ.

ಹೊಸ ಡಿಸ್ಕು, ಹೊಸ ಪ್ಯಾಡು ದಪ್ಪ ಇರುತ್ತವೆ. ಅವು ಕೂರಬೇಕಾದರೆ ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಒತ್ತಿದೆ, ಕೂರಿಸಿದೆ, ನಟ್ಟು ಬಿಗಿದೆ. ಹಿಂದೆ ಸರಿದ ಪಿಸ್ಟನ್ ಮತ್ತೆ ಮುಂದೆ ಬರಲು ಪೆಡಲ್ ಒತ್ತಬೇಕೆಂದು ಹೊಳೆಯಲಿಲ್ಲ. ಗಾಡಿ ಚಾಲೂ ಮಾಡಿ ಹೊರಗೆ ತಂದೆ, ಬ್ರೇಕ್ ಒತ್ತಿದೆ. ಕಾಲು ನೆಲಕ್ಕೆ ಹೋಯಿತು. ಮ್ಯಾನೇಜರರ ಸ್ಕೂಟರ್ ಗೋಡೆಗೂ ಕಾರಿಗೂ ನಡುವೆ ಸಿಕ್ಕಿ ಮಡಚಿಕೊಂಡಿತು. ಅವರು ಹೊರಗೆ ಬಂದು ಸ್ಕೂಟರ್ ನೋಡಿದರು, ನನ್ನನ್ನು ನೋಡಿದರು.

“ರಸೂಲ್, ಈಗರ ಪೆಡಲ್ ಗಟ್ಟಿ ಆತೇನು?”

ಒತ್ತಿ ನೋಡಿದೆ. “ಆತ್ರಿ ಸರ್.”

“ಹಂಗಾರ ಚೊಲೊ ಆತು ಬಿಡು. ರಸ್ತೆದಾಗ ಆಗಿದ್ರ ಏನ್ ಗತಿ?” ಎಂದು ಒಳಗೆ ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಇನ್ನೊಂದು ಸಲ ಹೊಸ ಡಿಸ್ಕಿನ ಮೇಲಿನ ಎಣ್ಣೆ ಒರೆಸದೆ ಹಾಕಿದೆ. ತುಕ್ಕು ಹಿಡಿಯಬಾರದೆಂದು ಕಾರ್ಖಾನೆಯಲ್ಲೇ ಅದಕ್ಕೆ ತೆಳ್ಳಗೆ ಎಣ್ಣೆ ಹಚ್ಚಿರುತ್ತಾರೆ. ಗಾಡಿ ಪರೀಕ್ಷೆ ಮಾಡುತ್ತ ಪೋತ್ನಾಳದ ಕಡೆಗೆ ಹೋದೆ, ಅಲ್ಲಿ ನನ್ನ ಅಕ್ಕನ ಮನೆ ಇತ್ತು. ರಾಯಚೂರು ದಾಟುತ್ತಲೇ ರಸ್ತೆಯ ಮೇಲೆ ಭತ್ತ ಒಣಹಾಕಿದ್ದರು. ಬ್ರೇಕ್ ಹಿಡಿದರೆ ಗಾಡಿ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಭತ್ತದ ನಡುವೆ ಹೋಗಿ ನಿಂತಿತು. ಅಲ್ಲಿ ಕೂತಿದ್ದ ಮುದುಕಿ ಎದ್ದು ಬಂದು ಕೈಗೆ ಪೊರಕೆ ಕೊಟ್ಟಳು. “ಯಪ್ಪಾ, ಹೊಳ್ಳಿ ಹರವಿ ಹೋಗು” ಎಂದಳು. ಒಂದು ತಾಸು ಹರವಿದೆ.

ಇವೆಲ್ಲ ಕೈ ತಪ್ಪುಗಳು. ತಪ್ಪು ಎಲ್ಲಿತ್ತೆಂದು ಅದೇ ದಿನ ಗೊತ್ತಾಗುತ್ತಿತ್ತು. ನಾನು ಹೇಳಬೇಕೆಂದಿರುವುದು ತಿಂಗಳುಗಟ್ಟಲೆ ನನಗೆ ಅರ್ಥವೇ ಆಗದೆ ಉಳಿದ ಒಂದು ಗಾಡಿಯ ಸಂಗತಿ. ಈಗಲೂ ಅದರಲ್ಲಿ ಒಂದೆರಡು ಭಾಗ ನನಗೆ ಬಿಡಿಸಲು ಬಂದಿಲ್ಲ.

ಹುಲಿಗೆಮ್ಮ ಟೀಚರು ಮಸರಕಲ್ಲಿನವರು. ತಂದೆ ತಾಯಿ ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಿ ಮಗಳನ್ನು ಓದಿಸಿದವರು. ಟೀಚರಾಗಿ ಊರೂರು ಸುತ್ತಿ, ಕೊನೆಗೆ ತಮ್ಮೂರಿನ ಶಾಲೆಗೇ ಹೆಡ್‌ಮಿಸ್ಟ್ರೆಸ್ ಆಗಿ ಬಂದಿದ್ದರು. ಮನೆ ರಾಯಚೂರಿನಲ್ಲಿ. ದಿನಾ ದೇವದುರ್ಗದ ರಸ್ತೆಯಲ್ಲಿ ಕಾರಿನಲ್ಲಿ ಹೋಗಿ ಬರುತ್ತಿದ್ದರು. ಅವರ ಕೇರಿಯಿಂದ ಕಾರು ಹೊಡೆದ ಮೊದಲ ಹೆಣ್ಣುಮಗಳು ಅವರೇ. ಹಳೆಯ ಕಾರನ್ನು ಹತ್ತು ಹನ್ನೆರಡು ವರ್ಷ ಹೊಡೆದರು, ಒಂದು ದಿನವೂ ಬ್ರೇಕಿನ ತಕರಾರು ಹೇಳಲಿಲ್ಲ. ಮೊಣಕಾಲು ನೋವು ಶುರುವಾದ ಮೇಲೆ ಅದನ್ನು ಕೊಟ್ಟು, ಕ್ಲಚ್ ಒತ್ತುವ ಕೆಲಸ ಇಲ್ಲದ, ತಾನೇ ಗೇರ್ ಬದಲಿಸುವ ಹೊಸ ಕಾರು ತಂದರು.

ಆರೇಳು ತಿಂಗಳಿಗೆ ಬಂದರು. “ಸಾಬ್ರ, ಬ್ರೇಕ್ ಹಿಡಿದ್ರ ಸ್ಟೇರಿಂಗ್ ನಡಗಾಕತ್ತದ.”

ಚಕ್ರ ಬಿಚ್ಚಿದೆ. ಹೊಸ ಗಾಡಿಯ ಡಿಸ್ಕು ಹತ್ತು ವರ್ಷದ ಕಾರಿನದರಂತೆ ಸವೆದಿತ್ತು. ಅಂಚಿನಲ್ಲಿ ಏಣು ಎದ್ದಿತ್ತು, ಮೇಲೆ ಅಲ್ಲಲ್ಲಿ ನೀಲಿ ಕಲೆ. ನೀಲಿ ಕಲೆ ಎಂದರೆ ಕಬ್ಬಿಣ ವಿಪರೀತ ಕಾದಿದೆ ಎಂದರ್ಥ. ಮೈಕ್ರೋಮೀಟರ್ ಹಿಡಿದು ನೋಡಿದರೆ, ಇದಕ್ಕಿಂತ ತೆಳ್ಳಗಾದರೆ ಬಳಸಬೇಡಿ ಎಂದು ಡಿಸ್ಕಿನ ಮೇಲೆ ಕೊರೆದಿದ್ದ ಅಳತೆಗಿಂತ ಕಡಿಮೆ ಇತ್ತು.

“ಮೇಡಂ, ಬ್ರೇಕ್ ಭಾಳ ಹಿಡೀತೀರೇನ್ರಿ?”

“ಇಲ್ರಿ. ನಾ ಮೆಲ್ಲಗ ಹೊಡಿಯಾಕಿ. ಎಣ್ಣಿ ಮಾತ್ರ ಜಾಸ್ತಿ ಕುಡಿಯಾಕತ್ತದ ಗಾಡಿ.”

ಪೆಟ್ರೋಲಿನ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ಹೇಳುವ ಮಾತದು.

ಕಂಪನಿಯ ಡಿಸ್ಕು ಆ ವಾರ ನಮ್ಮಲ್ಲಿ ಇರಲಿಲ್ಲ. ಇಂಥ ಹೊತ್ತಿನಲ್ಲಿ ನಾವು ತರಿಸುತ್ತಿದ್ದದ್ದು ವೀರಭದ್ರಪ್ಪನ ಅಂಗಡಿಯಿಂದ. ರಾಯಚೂರಿನಲ್ಲಿ ಗಾಡಿ ಸಾಮಾನಿನ ಅಂಗಡಿ ಅವನದು. ನಾನು ಈ ಊರಿಗೆ ಬಂದ ಹೊಸದರಲ್ಲಿ ಬಾಡಿಗೆಗೆ ಮನೆ ಹುಡುಕಿ ಕೊಟ್ಟವನು ಅವನೇ. ರಂಜಾನಿಗೆ ನಮ್ಮ ಮನೆಗೆ ಬರುತ್ತಿದ್ದ. ಉಗಾದಿಗೆ ನಾವು ಅವನ ಮನೆಗೆ. ಅವನು ಕಳಿಸಿದ ಜೊತೆಯನ್ನು ಹಾಕಿದೆ. ಡಿಸ್ಕು ಕೂರುವ ಹಬ್ ಎಂಬ ಭಾಗವನ್ನು ತಂತಿ ಬ್ರಷ್‌ನಿಂದ ತಿಕ್ಕಿ ತುಕ್ಕು ತೆಗೆದೆ, ಎಣ್ಣೆ ಒರೆಸಿದೆ, ಕ್ಯಾಲಿಪರ್ ಜೋತುಬೀಳದಂತೆ ತಂತಿ ಕಟ್ಟಿದೆ, ಕೊನೆಗೆ ಪೆಡಲ್ ಒತ್ತಿದೆ. ಗಾಡಿ ಹೊಡೆದು ನೋಡಿದೆ. ಬೆಣ್ಣೆಯಂತೆ ನಿಂತಿತು.

ಐದು ತಿಂಗಳಾಗಿರಬೇಕು. ಶಾಲೆ ಬಿಟ್ಟ ಮೇಲೆ ಟೀಚರು ವಾಪಸು ಬರುವಾಗ, ಮಸರಕಲ್ ದಾಟಿ ಸ್ವಲ್ಪ ದೂರದಲ್ಲಿ ಕುರಿ ಹಿಂಡು ರಸ್ತೆಗೆ ಬಂತು. ಅವರು ಬ್ರೇಕ್ ಒತ್ತಿದರು. ಪೆಡಲ್ ಗಟ್ಟಿ ಇದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ. ಸ್ಟೇರಿಂಗ್ ತಿರುಗಿಸಿ ಹತ್ತಿ ಹೊಲಕ್ಕೆ ಇಳಿಸಿದರು. ಕುರಿಗಳಿಗೂ ಕುರಿಯವನಿಗೂ ಏನೂ ಆಗಲಿಲ್ಲ. ಗಾಡಿ ಎಳೆದು ತಂದಾಗ ಟೀಚರು ಜೊತೆಗೇ ಬಂದಿದ್ದರು. ಸೀರೆಯ ಅಂಚಿಗೆ ಮಣ್ಣು ಮೆತ್ತಿತ್ತು.

“ಸಾಬ್ರ, ಮುಂದ ಕುರಿ ಇದ್ದು. ಅದೇ ಜಾಗಾದಾಗ ಮುಂಜಾನಿ ನನ್ನ ಸಾಲಿ ಮಕ್ಕಳು ಹೋಗ್ತಾವ” ಎಂದರು.

ಬಿಚ್ಚಿದರೆ ಅದೇ ಸವೆತ, ಅದೇ ನೀಲಿ ಕಲೆ. ಐದು ತಿಂಗಳಲ್ಲಿ! ನಾನು ತಲೆ ಓಡಿಸಲಿಲ್ಲ, ಹೆದರಿಕೆ ಓಡಿಸಿತು. ಆ ಡಿಸ್ಕು ನಾನು ಹಾಕಿದ್ದು. ನನ್ನ ಕೈ ತಪ್ಪಿರಲಿಲ್ಲ, ಅದು ನನಗೆ ಗೊತ್ತಿತ್ತು. ಹಾಗಾದರೆ ಮಾಲೇ ಕೆಟ್ಟದ್ದು. ಅಷ್ಟೊತ್ತಿಗೆ ನಮ್ಮಲ್ಲಿ ಪ್ರಶಾಂತ ಎಂಬ ಹೊಸ ಮ್ಯಾನೇಜರ್ ಬಂದಿದ್ದರು, ಮೈಸೂರು ಕಡೆಯವರು. ಎಲ್ಲ ಮೆಕ್ಯಾನಿಕ್‌ಗಳೂ ನಿಂತಿದ್ದ ಬೆಳಗಿನ ಮೀಟಿಂಗಿನಲ್ಲಿ ಅವರು ಕೇಳಿದರು: “ರಸೂಲ್ ಅವರೇ, ಇದಕ್ಕೆ ಕಾರಣ ಏನು?”

“ಡಿಸ್ಕ್ ಖೋಟಾ ಮಾಲು ಸರ್. ವೀರಭದ್ರಪ್ಪನ ಅಂಗಡೀದು” ಎಂದೆ.

ಆ ದಿನವೇ ಅವನ ಅಂಗಡಿಯಿಂದ ತರಿಸುವುದು ನಿಂತಿತು. ಮಾತು ಊರಲ್ಲಿ ಹಬ್ಬಿತು. ಉಳಿದ ಗ್ಯಾರೇಜಿನವರೂ ಅವನಿಂದ ಬ್ರೇಕಿನ ಸಾಮಾನು ಕೊಳ್ಳಲು ಹಿಂದೆಮುಂದೆ ನೋಡತೊಡಗಿದರು. ವೀರಭದ್ರಪ್ಪ ಗೇಟಿನ ತನಕ ಬಂದ.

“ಲೇ ರಸೂಲಾ, ನೀ ಅಂದಿ ಅಂತ ಕೇಳಿದೆ. ಖರೇನ?”

“ಡಿಸ್ಕ್ ಐದು ತಿಂಗಳಿಗೆ ಸವದಾವ. ನಾ ಏನ್ ಅನ್ನಲಿ?”

“ಅದೇ ಲೋಡಿನ ಮಾಲು ಇನ್ನಾ ಹತ್ತು ಗಾಡಿಗೆ ಕೊಟ್ಟೀನಿ. ಒಂದೂ ಹೊಳ್ಳಿ ಬಂದಿಲ್ಲ. ಹೋಗಿ ಕೇಳು.”

ನಾನು ಕೇಳಲು ಹೋಗಲಿಲ್ಲ. ಅವನೂ ಮತ್ತೆ ಬರಲಿಲ್ಲ.

ಈ ಸಲ ಕಂಪನಿಯ ಡಿಸ್ಕನ್ನೇ ತರಿಸಿ ಹಾಕಿದೆ. ಪ್ಯಾಡೂ ಕಂಪನಿಯದೇ. ಟೀಚರು ಭಯದಿಂದಲೇ ಗಾಡಿ ತೆಗೆದುಕೊಂಡು ಹೋದರು. ನಾಲ್ಕೂವರೆ ತಿಂಗಳಿಗೆ ಮತ್ತೆ ಬಂದರು. ಸ್ಟೇರಿಂಗ್ ನಡುಗುತ್ತಿತ್ತು. ಬಿಚ್ಚಿ ನೋಡಿದೆ. ಅದೇ ನೀಲಿ ಕಲೆ.

ಅಲ್ಲಿಗೆ ನನ್ನ ತಲೆ ಪೂರ್ತಿ ಕೆಟ್ಟಿತು. ಡಿಸ್ಕಿನದು ತಪ್ಪಲ್ಲ, ಇದು ಖಚಿತವಾಯಿತು. ಕ್ಯಾಲಿಪರ್ ಹಿಡಿದುಕೊಂಡಿರಬೇಕೆಂದು ಬಿಚ್ಚಿದೆ. ಪಿನ್ನುಗಳು ಸರಾಗವಾಗಿ ಜಾರುತ್ತಿದ್ದವು. ಬ್ರೇಕ್ ಎಣ್ಣೆಯ ಪೈಪು ಒಳಗೆ ಕಟ್ಟಿಕೊಂಡಿರಬೇಕೆಂದು ಅದನ್ನೂ ಬದಲಾಯಿಸಿದೆ. ಕಂಪ್ಯೂಟರ್ ಹಚ್ಚಿದೆವು, ಅದು ಎಲ್ಲ ಸರಿಯಿದೆ ಎಂದಿತು. ನಾನು ಹೊಡೆದರೆ ಚಕ್ರ ಬಿಸಿಯಾಗುವುದಿಲ್ಲ. ಪ್ರಶಾಂತ ಅವರು ಹೊಡೆದರೂ ಇಲ್ಲ. ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಡೆದೆ, ಆಗಲೂ ಇಲ್ಲ. ಬಲಕ್ಕಿಂತ ಎಡದ ಡಿಸ್ಕು ಒಂದು ಕೂದಲೆಳೆಯಷ್ಟು ಹೆಚ್ಚು ಸವೆದಿತ್ತು, ಅದು ಯಾಕೆಂದೂ ಗೊತ್ತಾಗಲಿಲ್ಲ. ಊಟಕ್ಕೆ ಕೂತರೆ ಮನಸ್ಸು ಆ ತಟ್ಟೆಯ ಮೇಲೇ. “ಕ್ಯಾ ಹುವಾ ಜೀ, ಖಾನಾ ನಕ್ಕೋ ಕ್ಯಾ?” ಏನಾಯಿತು, ಊಟ ಬೇಡವಾ ಎಂದು ಹೆಂಡತಿ ಕೇಳುತ್ತಿದ್ದಳು. ಏನಾಗಿದೆ ಎಂದು ನನಗೇ ಗೊತ್ತಿರಲಿಲ್ಲ, ಅವಳಿಗೇನು ಹೇಳುವುದು?

ಇನ್ನೊಂದು ಮಾತು ಇಲ್ಲಿ ಮುಚ್ಚಿಡಬಾರದು. ಕಂಪನಿಯ ಡಿಸ್ಕೂ ಸವೆದ ದಿನವೇ ವೀರಭದ್ರಪ್ಪನ ಮಾಲಿನಲ್ಲಿ ತಪ್ಪಿಲ್ಲವೆಂದು ನನಗೆ ತಿಳಿಯಿತು. ಹೋಗಿ ಹೇಳಬಹುದಿತ್ತು. ಅಸಲು ಕಾರಣ ಸಿಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಅವನ ಅಂಗಡಿಯ ಓಣಿ ಬಿಟ್ಟು ಬೇರೆ ದಾರಿಯಿಂದ ಕೆಲಸಕ್ಕೆ ಹೋಗತೊಡಗಿದೆ.

ಟೀಚರು ಒಂದು ದಿನ ಬಂದು ಕೂತರು. “ಸಾಬ್ರ, ಸೀದಾ ಹೇಳ್ರಿ. ಈ ಗಾಡಿ ಮಾರಲೇನು? ನಮ್ಮ ಮೈದುನ ದಿನಾ ಅಂತಾನ, ಹೆಣ್ಮಕ್ಕಳಿಗ್ಯಾಕ ಕಾರು, ಬಸ್ಸಿಗೆ ಹೋಗು ಅಂತ. ಇಷ್ಟ ದಿನ ಅವನ ಮಾತು ಕೇಳಿಲ್ಲ. ಈಗ ನನಗ ನನ್ನ ಮ್ಯಾಲೇ ನಂಬಿಕಿ ಹೋಗೇದ.”

“ಒಂದು ವಾರ ಕೊಡ್ರಿ ಮೇಡಂ. ಮೆಲ್ಲಗ ಹೊಡೀರಿ, ದೂರ ಬಿಟ್ಟು ಹೊಡೀರಿ. ನಾ ನಿಮ್ಮ ರಸ್ತಿ ನೋಡಿ ಬರ್ತೀನಿ” ಎಂದೆ. ಪ್ಯಾಡು ಮಾತ್ರ ಹೊಸದು ಹಾಕಿ ಕಳಿಸಿದೆ. ಅಷ್ಟು ಸವೆದ ಡಿಸ್ಕಿನಲ್ಲಿ ಕಳಿಸಿದ್ದು ಸರಿಯಲ್ಲ, ಇದನ್ನು ಓದುವವರು ಹಾಗೆ ಮಾಡಬಾರದು. ಆದರೆ ಅವತ್ತು ನನ್ನಲ್ಲಿ ಬೇರೆ ಉಪಾಯ ಇರಲಿಲ್ಲ. ರಸ್ತೆಯಲ್ಲೇ ಏನೋ ಇರಬೇಕು, ಎಲ್ಲೋ ಕಾದ ಡಿಸ್ಕು ನೀರಿಗೆ ಬಿದ್ದು ಸೊಟ್ಟಗಾಗುತ್ತಿರಬೇಕು ಎಂಬ ಊಹೆ ನನ್ನದು.

ಮರುದಿನ ಬೆಳಿಗ್ಗೆ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದೆ. ಡ್ರೈವರ ಹಿಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುತ್ತ ಹೊರಟೆ. ನೀರು ನಿಲ್ಲುವ ಜಾಗ ಎಲ್ಲೂ ಕಾಣಲಿಲ್ಲ. ದಾರಿಯಲ್ಲಿ ಬಸ್ಸಿನ ಮುಂದೆ ಒಂದು ಬಿಳಿ ಕಾರು ಸಿಕ್ಕಿತು, ನಂಬರ್ ನೋಡಿದರೆ ಟೀಚರದು. ನೆಟ್ಟಗಿನ ರಸ್ತೆ, ಎದುರಿಗೆ ಒಂದು ಗಾಡಿಯಿಲ್ಲ. ಡ್ರೈವರು ಹಾರ್ನ್ ಹೊಡೆದು ಗೊಣಗಿದ:

“ಯವ್ವಾ, ನಿಂತಿ ಏನ, ಹೊಂಟಿ ಏನ, ತಿಳಿವಲ್ದಲ್ಲ!”

“ಯಾಕ್ರಿ, ಏನಾತು?” ಎಂದು ಕೇಳಿದೆ.

“ಮುಂದ ನೋಡ್ರಿ. ಹಿಂದಿನ ಕೆಂಪು ಲೈಟ್ ಆರವಲ್ದು. ಬ್ರೇಕ್ ಮ್ಯಾಲ ಕಾಲಿಟ್ಕೊಂಡೇ ಹೊಂಟಾರ. ದಿನಾ ಹಿಂಗೇ.”

ನೋಡಿದೆ. ಕಾರು ಏರು ಹತ್ತುತ್ತಿದೆ, ಅಂದರೆ ಎಂಜಿನ್ ಎಳೆಯುತ್ತಿದೆ. ಹಿಂದೆ ಎರಡೂ ಕೆಂಪು ದೀಪ ಉರಿಯುತ್ತಿವೆ. ಎರಡು ಕೆಲಸ ಒಂದೇ ಕಾಲಿನಲ್ಲಿ ಹೇಗೆ ಮಾಡುತ್ತಾರೆ ಈಕೆ ಎಂದು ಒಂದು ಕ್ಷಣ ನನಗೆ ತಿಳಿಯಲೇ ಇಲ್ಲ. ಆಮೇಲೆ ಹೊಳೆಯಿತು. ಒಂದೇ ಕಾಲಿನಲ್ಲಿ ಅಲ್ಲ.

ಮಸರಕಲ್ಲಿನಲ್ಲಿ ಇಳಿದು ಶಾಲೆಗೆ ಹೋದೆ. ಟೀಚರು ನನ್ನನ್ನು ಕಂಡು ಗಾಬರಿಯಾದರು. “ಏನಿಲ್ರಿ ಮೇಡಂ, ಬರ್ರಿ, ಗಾಡಿದಾಗ ಕೂಡ್ರಿ. ಇವತ್ತು ನೀವೇ ಹೊಡೀರಿ, ನಾ ಬಾಜೂಕ ಕೂಡ್ತೀನಿ” ಎಂದೆ. ಇಷ್ಟು ದಿನ ನಾನು ಅದೊಂದನ್ನೇ ಮಾಡಿರಲಿಲ್ಲ. ಗಾಡಿ ಕೈಗೆ ಸಿಕ್ಕರೆ ಮೆಕ್ಯಾನಿಕ್ ಸ್ಟೇರಿಂಗಿನ ಮುಂದೆಯೇ ಕೂರುತ್ತಾನೆ.

ಶಾಲೆಯ ಬಯಲಿನಲ್ಲಿ ಒಂದು ಸುತ್ತು ಹೊಡೆದರು. ನಾನು ಕೆಳಗೆ ನೋಡಿದೆ. ಬಲಗಾಲು ಆಕ್ಸಿಲರೇಟರಿನ ಮೇಲೆ. ಎಡಗಾಲು ಬ್ರೇಕಿನ ಮೇಲೆ, ಮಲಗಿದ ಹಾಗೆ.

“ಮೇಡಂ, ಆ ಕಾಲು ಅಲ್ಲ್ಯಾಕ ಇಟ್ಟೀರಿ?”

ಅವರೂ ಕೆಳಗೆ ನೋಡಿದರು. “ಎಲ್ಲಿಡಲಿ? ಹಳೀ ಗಾಡ್ಯಾಗ ಅದು ಕ್ಲಚ್ಚಿನ ಕಾಲು. ಇದ್ರಾಗ ಕ್ಲಚ್ಚಿಲ್ಲ. ಹನ್ನೆರಡು ವರ್ಷ ದುಡದ ಕಾಲು, ಅದಕ್ಕೇನ್ ಕೆಲ್ಸ ಕೊಡ್ಲಿ? ಮಕ್ಕಳು ಅಡ್ಡ ಬಂದ್ರ ಲಗೂನ ಹಿಡಿಬಹುದು ಅಂತ ಬ್ರೇಕಿನ ಮ್ಯಾಲ ಇಟ್ಟೀನಿ. ಒತ್ತಂಗಿಲ್ಲ, ಸುಮ್ನ ಇಟ್ಟಿರ್ತೀನಿ.”

ಸುಮ್ಮನೆ ಇಟ್ಟ ಕಾಲಿನ ಭಾರಕ್ಕೆ ಪ್ಯಾಡು ಡಿಸ್ಕನ್ನು ಮುಟ್ಟಿಕೊಂಡೇ ತಿರುಗುತ್ತದೆ, ಕಾಯುತ್ತದೆ, ಸವೆಯುತ್ತದೆ. ಅಷ್ಟು ಕಾದ ಬ್ರೇಕು ಬೇಕಾದ ಹೊತ್ತಿಗೆ ಹಿಡಿಯುವುದಿಲ್ಲ. ಕುರಿ ಬಂದ ದಿನ ಆದದ್ದು ಅದೇ. ಪೆಟ್ರೋಲ್ ಹೆಚ್ಚು ಕುಡಿದದ್ದಕ್ಕೂ ಅದೇ ಕಾರಣ. ಇದನ್ನೆಲ್ಲ ಅವರಿಗೆ ಹೇಳಿದೆ. ಅವರು ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡರು.

“ಹಂಗಾರ ಮಕ್ಕಳು ಅಡ್ಡ ಬಂದ್ರ ಅಂತ ಇಟ್ಟ ಕಾಲೇ…” ಎಂದು ಅರ್ಧಕ್ಕೆ ನಿಲ್ಲಿಸಿದರು. ಕಣ್ಣಲ್ಲಿ ನೀರಿತ್ತು.

“ನಿಮ್ಮ ತಪ್ಪಲ್ರಿ. ಗಾಡಿ ಕೊಟ್ಟಾಗ ನಾವು ಯಾರೂ ನಿಮಗ ಹೇಳಿಲ್ಲ. ನಾನರ ಕೇಳಬೇಕಿತ್ತು, ಯಾವ ಕಾಲಿಲೆ ಹಿಡೀತೀರಿ ಅಂತ.”

ಆ ಬಯಲಿನಲ್ಲೇ ಒಂದು ತಾಸು ಹೊಡೆಸಿದೆ. ಎಡಗಾಲನ್ನು ಪೆಡಲುಗಳ ಎಡಕ್ಕೆ ಕಾಲಿಡಲೆಂದೇ ಇರುವ ಕಟ್ಟೆಯ ಮೇಲೆ ಇಡಬೇಕು, ಎಡಗಾಲಿನ ಚಪ್ಪಲಿ ಬಿಚ್ಚಿದರೆ ನೆನಪಿರುತ್ತದೆ ಎಂದೆ. ಮೊದಮೊದಲು ಆ ಕಾಲು ತಾನೇ ಎದ್ದು ಹೋಗಿ ಕ್ಲಚ್ಚೆಂದು ಬ್ರೇಕ್ ತುಳಿಯುತ್ತಿತ್ತು, ಇಬ್ಬರ ಹಣೆಯೂ ಮುಂದಕ್ಕೆ ಬಡಿಯುವಂತಾಗುತ್ತಿತ್ತು. ಕಿಟಕಿಯಲ್ಲಿ ನಿಂತ ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಟೀಚರೂ ನಕ್ಕರು. ಸಂಜೆ ಅವರೇ ಗಾಡಿ ಹೊಡೆದು ನನ್ನನ್ನು ರಾಯಚೂರಿಗೆ ತಂದು ಬಿಟ್ಟರು. ಮುಟ್ಟಿ ನೋಡಿದೆ, ಚಕ್ರ ತಣ್ಣಗಿತ್ತು.

ಇಳಿದವನು ಮನೆಗೆ ಹೋಗದೆ ನೇರ ವೀರಭದ್ರಪ್ಪನ ಅಂಗಡಿಗೆ ಹೋದೆ. ಅವನು ಒಬ್ಬನೇ ಕೂತಿದ್ದ. ಆದದ್ದೆಲ್ಲ ಹೇಳಿ, ತಪ್ಪಾಯಿತು ಎಂದೆ. ಅವನು ಕೇಳಿದ: “ಕಂಪನಿ ಡಿಸ್ಕ್ ಸವದಿದ್ದು ಯಾವಾಗ?”

“ಹೋದ ವಾರ.”

“ಅಂದೇ ಯಾಕ ಬರಲಿಲ್ಲ?”

ಗಲ್ಲಾದ ಮೇಲಿದ್ದ ಒಂದು ನಟ್ಟನ್ನು ಎತ್ತಿ ತಿರುಗಿಸತೊಡಗಿದೆ.

“ನನ್ನ ಮುಂದ ಬಂದು ಹೇಳಿದ್ರ ಏನ್ ಬಂತು ರಸೂಲಾ? ನನಗ ಗೊತ್ತಿದ್ದಿದ್ದೇ ಅದು. ಯಾರ ಮುಂದ ನನ್ನ ಮಾಲು ಖೋಟಾ ಅಂದಿ, ಅವ್ರ ಮುಂದ ಹೇಳು.”

ಮರುದಿನ ಬೆಳಗಿನ ಮೀಟಿಂಗಿನಲ್ಲಿ ಹೇಳಿದೆ. ವೀರಭದ್ರಪ್ಪನೂ ಬಂದು ಗೇಟಿನ ಹತ್ತಿರ ನಿಂತಿದ್ದ. ಡಿಸ್ಕು ಖೋಟಾ ಅಲ್ಲ, ನೋಡದೆ ಹೇಳಿದ್ದು ನಾನು, ಗೊತ್ತಾದ ಮೇಲೂ ಸುಮ್ಮನಿದ್ದವನೂ ನಾನು ಎಂದೆ. ನನ್ನ ಕೈಕೆಳಗೆ ಕಲಿತವರೆಲ್ಲ ನೆಲ ನೋಡುತ್ತಿದ್ದರು. ಪ್ರಶಾಂತ ಅವರು, “ಇದನ್ನ ಹೇಳಿದ್ದು ಒಳ್ಳೇದಾಯ್ತು. ಟೀಚರ್ ಗಾಡಿಗೆ ಡಿಸ್ಕ್ ಅವರ ಅಂಗಡಿಯಿಂದಾನೇ ತರಿಸಿ” ಎಂದರು. ನಾನು ತಿರುಗುವಷ್ಟರಲ್ಲಿ ಗೇಟಿನಲ್ಲಿ ಯಾರೂ ಇರಲಿಲ್ಲ.

ಹಾಗೆ ತರಿಸಿದ ಮೂರನೆಯ ಜೊತೆ ನಾನು ನಿವೃತ್ತನಾಗುವ ತನಕ ಗಾಡಿಯಲ್ಲೇ ಇತ್ತು. ಟೀಚರು ಈಗಲೂ ಅದೇ ಕಾರು ಹೊಡೆಯುತ್ತಾರೆ. ಎಡದ ಡಿಸ್ಕು ಯಾಕೆ ಹೆಚ್ಚು ಸವೆದಿತ್ತೆಂದು ಮಾತ್ರ ಇಂದಿಗೂ ತಿಳಿದಿಲ್ಲ. ಅದಕ್ಕಿಂತ ದೊಡ್ಡ ಗೊಂದಲ ಆ ಮೂರನೆಯ ಜೊತೆ ಬಂದ ದಿನದ್ದು. ಅಂಗಡಿಯಾಳಿನ ಕೈಯಲ್ಲಿ ಕಳಿಸಬಹುದಿತ್ತು, ವೀರಭದ್ರಪ್ಪ ತಾನೇ ತಂದ. ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟ.

“ಅಳದು ತಗೋ” ಎಂದ.

“ಬ್ಯಾಡೋ ಮಾರಾಯಾ, ನೀ ತಂದೀ ಅಂದ್ಮ್ಯಾಲ…”

“ಅಳಿ ಅಂದೆ.”

ಮೈಕ್ರೋಮೀಟರ್ ತಂದೆ. ಒಂದೊಂದು ಡಿಸ್ಕಿಗೆ ಎಂಟು ಕಡೆ ಹಿಡಿದು ನೋಡಿದೆ. ಅವನು ಕೈ ಕಟ್ಟಿ ಎದುರಿಗೆ ನಿಂತಿದ್ದ. ಅಳತೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. “ಬರೋಬ್ಬರಿ ಅದ” ಎಂದೆ. “ಇನ್ನೊಮ್ಮೆ ನೋಡು” ಎಂದ. ಇನ್ನೊಮ್ಮೆ ನೋಡಿದೆ. ಆಗ ಅವನು ಒಂದು ಸ್ಟೂಲು ಎಳೆದು ಕೂತು, “ಚಾ ತರಸು” ಎಂದ. ಅವನು ನಗುತ್ತಿದ್ದನೋ, ಇನ್ನೂ ಸಿಟ್ಟಿನಲ್ಲಿದ್ದನೋ, ಮುಖ ನೋಡಿದರೆ ತಿಳಿಯಲಿಲ್ಲ. ನಾನು ಚಹಾ ತರಿಸಿದೆ.